ಬಡವರ ಮತ ಉಳ್ಳವರ ಪಕ್ಷಕ್ಕೇಕೆ?

2024ರ ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತವಾಗಿ ಹಾವೇರಿ ಸೀಮೆಯ ಒಂದು ಗ್ರಾಮಕ್ಕೆ ಹೋಗಿದ್ದೆ. ಪ್ರವಚನ ಮುಗಿದು, ಪ್ರಸಾದವಾಗಿ, ಮಠದ ಪಡಸಾಲೆಯಲ್ಲಿ ನಾಲ್ಕಾರು ಜನ ಭಕ್ತರು ವಿಶ್ರಮಿಸಿಕೊಳ್ಳುತ್ತಿದ್ದರು. ಲೋಕಸಭೆಯ ಚುನಾವಣೆ ಮುಗಿದು ಬಹಳ ದಿನಗಳಾಗಿರಲಿಲ್ಲವಾದ್ದರಿಂದ ಮಾತು ಸಹಜವಾಗಿಯೇ ಅತ್ತ ಹೊರಳಿತು. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಪಕ್ಕದಲ್ಲಿ ಕುಳಿತಿದ್ದ ಎರಡೆಕರೆ ಖುಷ್ಕಿ ಜಮೀನಿನ ವೃದ್ಧ ರೈತರನ್ನು ಕುರಿತು, "ಏನ್ರೀ ಕಾಕಾ, ಅಕ್ಕಿ ಅವರದು ತಿಂತೀರಿ, ಓಟು ಇವರಿಗೆ ಹಾಕ್ತೀರಿ. ಇದ್ಯಾವ ನ್ಯಾಯರೀ?" ಎಂದು ಅರ್ಧ ಹಾಸ್ಯ, ಅರ್ಧ ಅಸಮಾಧಾನದಿಂದ ಕೇಳಿದರು. ಅಜ್ಜನವರು ಸಿಟ್ಟಾಗಲಿಲ್ಲ. "ಅಕ್ಕಿ ಸರಕಾರದ್ದು ಮಾಸ್ತರ. ಸರಕಾರ ಅವರಪ್ಪಂದಲ್ಲ, ಇವರಪ್ಪಂದಲ್ಲ, ನಮ್ಮದು. ಹೊಟ್ಟಿಗೆ ಕೊಟ್ಟವರನ್ನ ಮರಿಯೂದಿಲ್ರೀ. ಆದ್ರ ನಾಕು ಮಂದ್ಯಾಗ ನಮ್ಮನ್ನ ಮನಷ್ಯಾ ಅಂತ ಕರದವರು ಯಾರು, ಅದನ್ನೂ ನೋಡಬೇಕಲ್ಲ" ಎಂದರು.

ಶಿಕ್ಷಕರು ಆಡಿದ ಪ್ರಶ್ನೆಯನ್ನು ಓದುಬರಹ ಬಲ್ಲವರು ಅನೇಕರು ಆಡುತ್ತಾರೆ. ಉಳ್ಳವರ ಹಿತವನ್ನು ಕಾಯುವುದೆಂದು ಹೆಸರಾದ, ಪರಂಪರೆ, ಧರ್ಮ, ಮನೆತನ, ಆಸ್ತಿಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕೆನ್ನುವ ಪಕ್ಷಕ್ಕೆ ಇಲ್ಲದವನು ಮತ ನೀಡುವುದೇಕೆ? ಮೌಢ್ಯದಿಂದ ನೀಡುತ್ತಾನೆ, ಹಣಕ್ಕಾಗಿ ನೀಡುತ್ತಾನೆ, ಸ್ವಾಮಿಗಳು ಹೇಳಿದರೆಂದು ನೀಡುತ್ತಾನೆ ಎಂಬ ಮೂರು ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಭಾವಿಸಿದ್ದೆನೆಂಬುದನ್ನು ಮರೆಮಾಚಲಾರೆ. ಆದರೆ ಈ ಪ್ರಶ್ನೆ ನಮ್ಮ ನಾಡಿನದಷ್ಟೇ ಅಲ್ಲ. ನಮಗಿಂತ ನೂರು ವರ್ಷ ಮೊದಲು ಇಂಗ್ಲೆಂಡಿನವರು ಇದೇ ಪ್ರಶ್ನೆಯಿಂದ ತಲೆ ಕೆಡಿಸಿಕೊಂಡಿದ್ದರು. ಮೊದಲು ಅದನ್ನಿಷ್ಟು ನೋಡುವುದು ಉಚಿತ.

1867ರಲ್ಲಿ ಇಂಗ್ಲೆಂಡಿನ ಪಟ್ಟಣಗಳ ಅಸಂಖ್ಯ ಕಾರ್ಮಿಕರಿಗೆ ಮತದಾನದ ಹಕ್ಕು ದೊರೆಯಿತು. ವಿಚಿತ್ರವೆಂದರೆ ಆ ಶಾಸನವನ್ನು ತಂದವರು ಜಮೀನುದಾರರ ಪಕ್ಷವೆನಿಸಿದ ಕನ್ಸರ್ವೇಟಿವ್ ಪಕ್ಷದವರೇ. ಸಭೆಯಲ್ಲಿ ಅದನ್ನು ನಡೆಸಿಕೊಟ್ಟವನು ಡಿಸ್ರೇಲಿ. ಇದು ಆತ್ಮಹತ್ಯೆಯೆಂದು ಅವನ ಪಕ್ಷದವರೇ ಹಲವರು ನಡುಗಿದರು. ಆದರೆ 1874ರಲ್ಲಿ ಆ ಪಕ್ಷ ಬಹುಮತದಿಂದ ಅಧಿಕಾರಕ್ಕೆ ಬಂದಿತು. ಮರುವರ್ಷವೇ ಸಾರ್ವಜನಿಕ ಆರೋಗ್ಯ, ಕಾರ್ಮಿಕರ ವಸತಿ, ಕಾರ್ಮಿಕ ಸಂಘಗಳ ಹಕ್ಕು ಇವುಗಳಿಗೆ ಸಂಬಂಧಿಸಿದ ಶಾಸನಗಳು ಬಂದವು. 1883ರಲ್ಲಿ 'ಪ್ರಿಮ್‌ರೋಸ್ ಲೀಗ್' ಎಂಬ ಸಂಘ ಹುಟ್ಟಿತು. ಪ್ರಿಮ್‌ರೋಸ್ ಎಂಬುದು ಡಿಸ್ರೇಲಿಗೆ ಪ್ರಿಯವಾಗಿತ್ತೆಂದು ಹೇಳಲಾಗುವ ಒಂದು ಹೂವು. ಆ ಸಂಘದಲ್ಲಿ ಜಮೀನುದಾರನ ಮಡದಿಯೂ ಗಿರಣಿ ಕಾರ್ಮಿಕನ ಮಡದಿಯೂ ಒಂದೇ ಛಾವಣಿಯ ಕೆಳಗೆ ಚಹಾ ಕುಡಿಯುತ್ತಿದ್ದರು. ಸಂಗೀತ, ವಿಹಾರ, ಪದಕ, ಬಿರುದು ಎಲ್ಲವೂ ಇದ್ದವು. ಹತ್ತು ವರ್ಷ ತುಂಬುವುದರೊಳಗೆ ಸದಸ್ಯರ ಸಂಖ್ಯೆ 10 ಲಕ್ಷವನ್ನು ದಾಟಿತು. ಇದನ್ನು ನಗುವವರು ನಕ್ಕರು. ವರ್ಷಕ್ಕೊಮ್ಮೆ ದೊಡ್ಡ ಮನೆಯ ಅಂಗಳಕ್ಕೆ ಗೌರವದಿಂದ ಕರೆಸಿಕೊಂಡ ಕೂಲಿಯವನು ಮಾತ್ರ ನಗಲಿಲ್ಲ.

ಇಪ್ಪತ್ತನೆಯ ಶತಮಾನದ ಬಹುಭಾಗ ಇಂಗ್ಲೆಂಡಿನ ಶ್ರಮಜೀವಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ಆ ಪಕ್ಷಕ್ಕೆ ಮತ ನೀಡುತ್ತ ಬಂದರು. ಆ ಒಂದು ಪಾಲು ಇಲ್ಲದಿದ್ದರೆ ಅದು ಅಷ್ಟು ದೀರ್ಘಕಾಲ ಆಳಲು ಸಾಧ್ಯವೇ ಇರಲಿಲ್ಲ. ಮೆಕೆಂಜಿ ಮತ್ತು ಸಿಲ್ವರ್ ಎಂಬ ಇಬ್ಬರು ವಿದ್ವಾಂಸರು ಈ ಕಾರ್ಮಿಕರನ್ನೇ ಕುರಿತು ಅಧ್ಯಯನ ಮಾಡಿ 1968ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಅವರಿಗೆ ಎರಡು ಬಗೆಯ ಮತದಾರರು ಕಂಡರು. ಆಳುವುದಕ್ಕೆಂದೇ ಹುಟ್ಟಿದ ಮನೆತನಗಳಿವೆ, ಅವರು ಆಳಿದರೆ ಚೆನ್ನ ಎಂದು ಗೌರವದಿಂದ ಮತ ನೀಡುವವರು ಒಂದು ಬಗೆ. ಈ ಪಕ್ಷ ಬಂದರೆ ನನ್ನ ಸಂಸಾರಕ್ಕೆ ಲಾಭವೇ ನಷ್ಟವೇ ಎಂದು ಲೆಕ್ಕ ಹಾಕಿ ನೀಡುವವರು ಇನ್ನೊಂದು ಬಗೆ. ಲೆಕ್ಕ ಹಾಕುವ ಬಗೆಯವರಿಗೆ ಮುಂದೆ 1980ರ ವಸತಿ ಶಾಸನ ದೊಡ್ಡ ಆಸೆಯನ್ನೇ ತೋರಿಸಿತು. ಸ್ಥಳೀಯ ಸಂಸ್ಥೆಗಳ ಮನೆಗಳಲ್ಲಿ ಬಾಡಿಗೆಗೆ ಇದ್ದವರು ಅದೇ ಮನೆಯನ್ನು ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಬೆಲೆ ಕಡಿತದಲ್ಲಿ ಕೊಳ್ಳಬಹುದಾಯಿತು. ಒಂದೇ ದಶಕದಲ್ಲಿ 10 ಲಕ್ಷಕ್ಕೂ ಮಿಕ್ಕಿ ಮನೆಗಳು ಹೀಗೆ ಮಾರಾಟವಾದವು. ಬಾಡಿಗೆದಾರ ಮನೆಯ ಯಜಮಾನನಾದ. ಮನೆ ಕೊಡಿಸಿದ ಥ್ಯಾಚರ್ ಅವರ ಪಕ್ಷವನ್ನು ಅವನು ಬೈಯುವುದೆಂತು? ಮಾರಾಟವಾದ ಮನೆಗಳ ಜಾಗದಲ್ಲಿ ಸಾಕಷ್ಟು ಹೊಸ ಮನೆಗಳು ಏಳದೆ ಮುಂದಿನ ಪೀಳಿಗೆಯ ಬಡವರು ಬಾಡಿಗೆಗೆ ಪರದಾಡಿದುದು ಅನಂತರದ ಕಥೆ.

ನಮ್ಮ ದೇಶದ್ದೇ ಒಂದು ಉದಾಹರಣೆ ಛತ್ತೀಸಗಡದ್ದು. ಜಶ್‌ಪುರದಲ್ಲಿ 1952ರಲ್ಲಿ ವನವಾಸಿ ಕಲ್ಯಾಣ ಆಶ್ರಮ ಆರಂಭವಾಯಿತು. ಕಾಡಿನ ಮಕ್ಕಳಿಗೆ ಶಾಲೆ, ವಸತಿನಿಲಯ, ಔಷಧೋಪಚಾರ ಒದಗಿಸುವ ಅದರ ಕೆಲಸ ದಶಕಗಳ ಕಾಲ ನಡೆಯಿತು. ತಾರಿಕ್ ಥಚಿಲ್ ಎಂಬ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಮೇಲ್ವರ್ಗದವರ ಪಕ್ಷವೆನಿಸಿದ್ದ ಭಾರತೀಯ ಜನತಾ ಪಕ್ಷಕ್ಕೆ ಬಡ ಆದಿವಾಸಿಗಳ ಮತ ದೊರೆತುದು ಭಾಷಣದಿಂದಲ್ಲ, ಇಂಥ ಸೇವೆಯಿಂದ ಎಂದು ವಾದಿಸಿದ್ದಾರೆ. ಸರಕಾರದ ದವಾಖಾನೆಗೆ ವೈದ್ಯರೇ ಬಾರದಿರುವ ಊರಿನಲ್ಲಿ ಹತ್ತು ವರ್ಷ ನೆಲೆಸಿದ ಕಾರ್ಯಕರ್ತನ ಮಾತಿಗೆ ಬೆಲೆ ಬರುವುದು ಸ್ವಾಭಾವಿಕ. ಪಕ್ಷ ತನ್ನ ಮೇಲ್ವರ್ಗದ ಬೆಂಬಲಿಗರ ಹಿತಕ್ಕೆ ಧಕ್ಕೆ ತಾರದೆಯೇ ಬಡವರ ಮತ ಗಳಿಸಲು ಇದು ದಾರಿಯಾಯಿತೆಂಬುದು ಆ ವಾದದ ಮರ್ಮ.

ಈಗ ನಮ್ಮ ಮನೆಯ ಮಾತು. ಲಿಂಗಾಯತರೆಂದರೆ ಉಳ್ಳವರು, ಆಳುವವರು, ಪ್ರಬಲರು ಎಂದು ಪತ್ರಿಕೆಗಳು ಬರೆಯುತ್ತವೆ. ಎಸ್. ನಿಜಲಿಂಗಪ್ಪನವರಿಂದ ಬಸವರಾಜ ಬೊಮ್ಮಾಯಿಯವರವರೆಗೆ ಮುಖ್ಯಮಂತ್ರಿಗಳ ಪಟ್ಟಿಯನ್ನು ನೋಡಿದವರಿಗೆ ಹಾಗೆನಿಸುವುದು ಸಹಜ. ಆದರೆ ಆ ಪಟ್ಟಿಯ ಹಿಂದೆ ಮಳೆಯನ್ನೇ ನಂಬಿ ಗೋವಿನಜೋಳ ಬಿತ್ತುವವರು, ಗಾಣ ನಿಂತುಹೋದ ಗಾಣಿಗರು, ಕ್ಷೌರದ ಕತ್ತರಿಯನ್ನೇ ನಂಬಿದ ಹಡಪದರು, ಪರರ ಹೊಲಕ್ಕೆ ಕಳೆ ತೆಗೆಯಲು ಹೋಗುವ ತಾಯಂದಿರು ಎಷ್ಟು ಮನೆಗಳಲ್ಲಿದ್ದಾರೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಕೊರಳಲ್ಲಿ ಇಷ್ಟಲಿಂಗವಿದ್ದ ಮಾತ್ರಕ್ಕೆ ಕಣಜದಲ್ಲಿ ಜೋಳವಿರುವುದೆಂದೇನೂ ಇಲ್ಲ.

ಈ ಬಡ ಮನೆಗಳು ಎಂದೆಂದಿಗೂ ಒಂದೇ ಕಡೆ ನಿಂತವೆಂಬುದು ಇತಿಹಾಸವನ್ನು ಅರಿಯದ ಮಾತು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ನಿಜಲಿಂಗಪ್ಪನವರು ಇಂದಿರಾ ಗಾಂಧಿಯವರ ವಿರುದ್ಧ ನಿಂತ ಸಂಸ್ಥಾ ಕಾಂಗ್ರೆಸ್ಸಿನ ಅಧ್ಯಕ್ಷರು. ರಾಜ್ಯದಲ್ಲಿ ಅದೇ ಬಣದ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳು. ಇಬ್ಬರೂ ನಮ್ಮವರೇ. ಆದರೂ 1971ರ ಲೋಕಸಭಾ ಚುನಾವಣೆಯಲ್ಲಿ 'ಗರೀಬಿ ಹಟಾವೊ' ಎಂದ ಇಂದಿರಾ ಅವರ ಪಕ್ಷ ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಗೆದ್ದಿತು. ಧಾರವಾಡ, ವಿಜಾಪುರ, ಬೆಳಗಾವಿಗಳಲ್ಲಿ ಬಡ ಲಿಂಗಾಯತನ ಕೈ ಸೇರದೆ ಇದು ಆಗುವಂತಿರಲಿಲ್ಲ. ಕುಲಬಾಂಧವ್ಯವೊಂದೇ ಮತವನ್ನು ನಡೆಸುವುದಾಗಿದ್ದರೆ ಅಂದು ಹೀಗಾಗಬಾರದಿತ್ತು.

ಹಾಗಾದರೆ ಅನಂತರ ಆದುದೇನು? ನನ್ನ ತಿಳಿವಳಿಕೆಯಂತೆ ಎರಡು ಸಂಗತಿಗಳು ನಡೆದವು. ಮೊದಲನೆಯದು ದೇವರಾಜ ಅರಸು ಅವರ ಕಾಲದ್ದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ದೊರೆಯಿತು. ಗೇಣಿದಾರರಾಗಿದ್ದ ಲಿಂಗಾಯತರಿಗೂ ದೊರೆಯಿತು, ಜಮೀನು ಕಳೆದುಕೊಂಡವರಲ್ಲಿಯೂ ಲಿಂಗಾಯತರಿದ್ದರು. ಅರಸು ಅವರ ಆ ಕಾರ್ಯವನ್ನು ಶರಣರ ಸಮತಾಭಾವವನ್ನು ಬಲ್ಲವರು ಯಾರೂ ತೆಗಳಲಾರರು. ಆದರೆ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ಸಲ್ಲಿಸಿದ ವರದಿಯಲ್ಲಿ ಹಿಂದುಳಿದವರ ಪಟ್ಟಿಯಿಂದ ಲಿಂಗಾಯತರನ್ನು ಹೊರಗಿಟ್ಟಿತು. ಆಗ ಮುಂದುವರಿದವನ ಮಗನಿಗೆ ಏನೂ ನಷ್ಟವಾಗಲಿಲ್ಲ. ಊರಲ್ಲಿ ಅದೇ ಎರಡೆಕರೆ, ಅದೇ ಸೋರುವ ಮಾಳಿಗೆ ಇದ್ದವನ ಮಗನಿಗೆ ಮಾತ್ರ ಸರಕಾರದ ಕಾಗದದಲ್ಲಿ 'ಮುಂದುವರಿದವನು' ಎಂಬ ಹೆಸರು ಬಂದಿತು. ಬಡವರ ಪಕ್ಷವೆಂದುಕೊಂಡವರ ಲೆಕ್ಕದಲ್ಲಿ ಅವನು ಬಡವನೇ ಅಲ್ಲ. ಮುಂದೆ 3ಬಿ ಪ್ರವರ್ಗದಲ್ಲಿ ನೂರಕ್ಕೆ 5ರ ಪಾಲಿನಲ್ಲಿ ಲಿಂಗಾಯತರಿಗೂ ಸ್ಥಾನ ದೊರೆಯಿತಾದರೂ ಆ ಮೊದಲಿನ ನೋವು ಮಾಯಲಿಲ್ಲ. ಸಮಾನತೆಯ ಮಾತಾಡುವವರು ತನ್ನನ್ನು ದಬ್ಬಾಳಿಕೆಗಾರನೆಂದು ಬೈಯುವಾಗ ಅರೆಹೊಟ್ಟೆಯವನಿಗೆ ಏನೆನಿಸೀತು? ಪಟ್ಟಿ ಮಾಡುವವರು ಇದನ್ನು ಯೋಚಿಸಿದಂತಿಲ್ಲ.

ಎರಡನೆಯದು 1990ರ ಅಕ್ಟೋಬರ್ ತಿಂಗಳಿನದು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 224 ಸ್ಥಾನಗಳಲ್ಲಿ 178ನ್ನು ಗೆದ್ದಿತ್ತು. ಪಾಟೀಲರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾಗ, ರಾಜ್ಯದಲ್ಲಿ ಕೋಮುಗಲಭೆಗಳಾಗಿದ್ದ ಸಂದರ್ಭದಲ್ಲಿ ಬಂದಿದ್ದ ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಮುಖ್ಯಮಂತ್ರಿ ಬದಲಾಗುವರೆಂದು ಸಾರಿ ಹೊರಟುಹೋದರು. ಮುಖ್ಯಮಂತ್ರಿಯನ್ನು ಬದಲಿಸುವುದು ಪಕ್ಷದ ಹಕ್ಕೇ ಇದ್ದೀತು. ಆದರೆ ಕಾಯಿಲೆಯವನನ್ನು ನೋಡಿ ಬಂದವರು ಅವನ ಮನೆಯ ಹೊಸ್ತಿಲಾಚೆ ಅವನ ವಿಷಯವನ್ನು ಹಾಗೆ ಸಾರಬಾರದೆಂಬುದು ನಮ್ಮ ಹಳ್ಳಿಗಳ ರೀತಿ. ಆ ದಿನಗಳಲ್ಲಿ ನಾನು ಹೋದ ಊರೂರಿನಲ್ಲಿಯೂ ಇದೇ ಮಾತು. ಪಾಟೀಲರ ಆಡಳಿತದಿಂದ ಒಂದು ಬೊಗಸೆ ಕಾಳನ್ನೂ ಪಡೆಯದವರು, ತಮ್ಮ ಮನೆಯ ಹಿರಿಯನಿಗೇ ಅವಮಾನವಾಯಿತೆಂಬಂತೆ ಕೊರಗುತ್ತಿದ್ದರು.

ಆದರೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸೇ 23 ಸ್ಥಾನಗಳನ್ನು ಗೆದ್ದಿತು. ಭಾಜಪಕ್ಕೆ ಬಂದುದು 4. 1994ರಲ್ಲಿ ಕಾಂಗ್ರೆಸ್ 34ಕ್ಕೆ ಕುಸಿದಾಗಲೂ ಅಧಿಕಾರ ದೊರೆತುದು 115 ಸ್ಥಾನಗಳ ಜನತಾದಳಕ್ಕೆ, ಭಾಜಪದವು 40. ಕಾಂಗ್ರೆಸ್ಸಿನಿಂದ ಎದ್ದ ಮತ ಮೊದಲು ದಳದ ಪಡಸಾಲೆಯಲ್ಲಿ ಕುಳಿತು, ರಾಮಕೃಷ್ಣ ಹೆಗಡೆಯವರನ್ನು, ಜೆ.ಎಚ್. ಪಟೇಲರನ್ನು ನಂಬಿ, ದಳ ಒಡೆದು ಚೂರಾದ ಮೇಲೆ ಬಿ.ಎಸ್. ಯಡಿಯೂರಪ್ಪನವರ ಹಿಂದೆ ಬಂದಿತು. ಅದೂ ಬರಿಯ ಕುಲದ ಹೆಸರಿನಿಂದ ಬಂದುದಲ್ಲ. 2006-07ರ ಸುಮಾರಿಗೆ ಅವರು ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದಾಗ ಬಂದ ಭಾಗ್ಯಲಕ್ಷ್ಮಿ ಯೋಜನೆ, ಶಾಲಾಮಕ್ಕಳ ಸೈಕಲ್ಲು ಬಡವರ ಮನೆ ತಲುಪಿದವು. 2007ರ ನವೆಂಬರಿನಲ್ಲಿ ಮಿತ್ರಪಕ್ಷ ಮಾತು ತಪ್ಪಿ ಅವರ ಸರಕಾರ ಒಂದೇ ವಾರದಲ್ಲಿ ಬಿದ್ದಾಗ 1990ರ ಹಳೆಯ ಗಾಯ ಮತ್ತೆ ಒಸರಿತು. 2008ರಲ್ಲಿ ಆ ಪಕ್ಷಕ್ಕೆ 110 ಸ್ಥಾನಗಳು ಬಂದವು. ಅವರು ಪಕ್ಷ ಬಿಟ್ಟು ಬೇರೆ ಪಕ್ಷ ಕಟ್ಟಿದ 2013ರಲ್ಲಿ ಹೊಸ ಪಕ್ಷಕ್ಕೆ ನೂರಕ್ಕೆ ಹತ್ತರ ಸಮೀಪ ಮತ, ಆರೇ ಸ್ಥಾನ. ಭಾಜಪ 40ಕ್ಕೆ ಇಳಿಯಿತು. ಮನೆಯ ಯಜಮಾನ ಎದ್ದುಹೋದಾಗ ಒಕ್ಕಲೂ ಎದ್ದುಹೋದಂತಾಯಿತು.

ಭಾಜಪದವರು ಬಡವರಿಗೆ ಏನನ್ನೂ ಕೊಡದವರೆಂಬ ಮಾತೂ, ಕಾಂಗ್ರೆಸ್ಸಿನವರು ಕೊಟ್ಟು ಕೆಡಿಸುವವರೆಂಬ ಮಾತೂ ಒಂದೇ ಅಳತೆಯ ಅರ್ಧಸತ್ಯಗಳು. ರಾಜ್ಯದ ಅನ್ನಭಾಗ್ಯ 2013ರಲ್ಲಿ ಆರಂಭವಾಯಿತು. ಕೇಂದ್ರದ ಆಹಾರ ಭದ್ರತಾ ಶಾಸನವೂ ಅದೇ ವರ್ಷದ್ದು. 2020ರ ಸಾಂಕ್ರಾಮಿಕದ ಕಾಲದಲ್ಲಿ ಕೇಂದ್ರ ಸರಕಾರ ಉಚಿತ ಧಾನ್ಯ ಕೊಡಲಾರಂಭಿಸಿತು. ರೈತನ ಖಾತೆಗೆ ವರ್ಷಕ್ಕೆ 6000 ರೂಪಾಯಿ ಬರುವ ಯೋಜನೆ 2019ರಲ್ಲಿ ಚಾಲನೆಗೊಂಡಿತು. ಒಂದೇ ಚೀಲದ ಮೇಲೆ ಇಬ್ಬರು ಹಕ್ಕು ಸಾಧಿಸುತ್ತಿರುವಾಗ ಆ ಅಜ್ಜನವರು ಅಕ್ಕಿ ಸರಕಾರದ್ದೆಂದುದು ಬಹಳ ಖಚಿತವಾದ ಮಾತಾಗಿತ್ತು.

ಇನ್ನು ಅವರ ಇನ್ನೊಂದು ಮಾತು, ಮನುಷ್ಯನೆಂದು ಕರೆಯುವುದು. ಇದನ್ನು ನಾನು ಹಲವು ರಾತ್ರಿ ಯೋಚಿಸಿದ್ದೇನೆ. ಸರಕಾರಿ ಕಾಗದಗಳಲ್ಲಿ ಅವರು 'ಫಲಾನುಭವಿ'. ಜಾತ್ರೆಯ ರಥೋತ್ಸವದಲ್ಲಿ ಹಗ್ಗ ಹಿಡಿಯುವಾಗ ಅವರು 'ಯಜಮಾನರು'. ಪಕ್ಷದ ಮುಖಂಡ ಮನೆಗೆ ಬಂದು ಕಂಬಳಿಯ ಮೇಲೆ ಕುಳಿತು ಚಹಾ ಕುಡಿದಾಗ 'ಕಾಕಾ'. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರವೇ ಇದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ, ಉಣ್ಣುವವನು ಜಂಗಮಸ್ವರೂಪಿ. ಮಠದ ಪ್ರಸಾದನಿಲಯದಲ್ಲಿ ಉಂಡು ನಾಲ್ಕಕ್ಷರ ಕಲಿತ ನನಗೆ ಇದನ್ನು ಪುಸ್ತಕದಿಂದ ತಿಳಿಯಬೇಕಾಗಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ಮಹಾಸಭೆಯನ್ನು ಸ್ಥಾಪಿಸಿದಾಗ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದಾಗ, 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ ಅಕ್ಷರ ನೀಡಿದಾಗ ಬಡವನಿಗೂ ಸಮಾಜಕ್ಕೂ ನಡುವೆ ಒಂದು ಬಳ್ಳಿ ಹಬ್ಬಿತು. ಸಮಾಜ ಯಾವ ಪಕ್ಷದ ಕಡೆ ವಾಲುವುದೋ ಆ ಬಳ್ಳಿಯೂ ಅತ್ತಲೇ ವಾಲುತ್ತದೆ. ವರ್ಗಹಿತದ ಲೆಕ್ಕವನ್ನಷ್ಟೇ ಹಾಕುವ ಪಂಡಿತರ ಕಣ್ಣಿಗೆ ಈ ಬಳ್ಳಿ ಬೀಳುವುದಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಸತ್ಯದ ಅರ್ಧವನ್ನಷ್ಟೇ ಹೇಳಿದಂತಾದೀತು. ಗೌರವ ಕೊಡುವುದರಿಂದ ಉಳ್ಳವನ ಗಂಟಿನಿಂದ ಏನೂ ಹೋಗುವುದಿಲ್ಲ. ಆ ಅಜ್ಜನವರ ಮೊಮ್ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಾಗ, ಶರಣರ ಹೆಸರನ್ನೇ ಹೊತ್ತ ಒಂದು ವಿದ್ಯಾಸಂಸ್ಥೆಗೆ ಅವರು ಆಕೆಯನ್ನು ಕರೆದೊಯ್ದಿದ್ದರು. ಪರಿಚಯ ಪತ್ರ ಬರೆದುಕೊಟ್ಟವನು ನಾನೇ. ಅಲ್ಲಿ ಕೇಳಿದ ಹಣ ಅವರ ನಾಲ್ಕು ವರ್ಷಗಳ ಫಸಲಿಗೂ ಮಿಕ್ಕಿದ್ದು. "ನಮ್ಮವರs ಅಂತ ಹೋದ್ವಿರಿ ಶಾಸ್ತ್ರಿಗಳ" ಎಂದಷ್ಟೇ ಅವರು ನನಗೆ ಹೇಳಿದ್ದು. ಅಂದು ನನಗಾದ ನಾಚಿಕೆ ಇಂದಿಗೂ ಆರಿಲ್ಲ. ಚುನಾವಣೆಯ ಕಾಲದಲ್ಲಿ 'ನಮ್ಮವರು' ಎಂಬ ಮಾತು ಎಲ್ಲರನ್ನೂ ಒಳಗೊಳ್ಳುತ್ತದೆ. ಪ್ರವೇಶದ ಕಾಲದಲ್ಲಿ ಅದು ಇಷ್ಟು ಕಿರಿದಾಗುವುದೇಕೆ? ಹಾಗೆಯೇ 2020ರಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿಯನ್ನು ಕೊಳ್ಳಬಹುದೆಂದು ಭೂಸುಧಾರಣಾ ಶಾಸನವನ್ನು ತಿದ್ದಿದವರು ಇವರು ಮತ ನೀಡಿದ ಪಕ್ಷದವರೇ. ಮಾರುವವನಿಗೆ ಬೆಲೆ ಬಂದೀತೆಂಬ ವಾದವಿದೆ. ಮಾರದೆ ಉಳಿಯಬೇಕೆನ್ನುವ ಎರಡೆಕರೆಯವನಿಗೆ ನೆರೆಯ ಹೊಲ ಬೆಂಗಳೂರಿನವರ ಪಾಲಾದರೆ ಏನಾದೀತೆಂದು ನಮ್ಮ ವೇದಿಕೆಗಳಲ್ಲಿ ಯಾರೂ ಕೇಳಿದುದನ್ನು ನಾನು ಕಂಡಿಲ್ಲ.

ಬಡವರು ಇದನ್ನೆಲ್ಲ ತೂಗುವುದಿಲ್ಲವೆಂದಲ್ಲ. 2021ರ ಆರಂಭದಲ್ಲಿ 2ಎ ಪ್ರವರ್ಗಕ್ಕಾಗಿ ಪಂಚಮಸಾಲಿ ಬಂಧುಗಳು ಕೂಡಲಸಂಗಮದಿಂದ ಬೆಂಗಳೂರಿನವರೆಗೆ ಪಾದಯಾತ್ರೆ ಮಾಡಿದುದು ತಾವು ಬೆಂಬಲಿಸಿದ ಪಕ್ಷದ, ಲಿಂಗಾಯತರೇ ಮುಖ್ಯಮಂತ್ರಿಯಾಗಿದ್ದ ಸರಕಾರದೆದುರಿಗೇ. 2018ರ ಮಾರ್ಚಿನಲ್ಲಿ ಅಂದಿನ ಕಾಂಗ್ರೆಸ್ ಸರಕಾರ ನಾಗಮೋಹನದಾಸ ಸಮಿತಿಯ ವರದಿಯನ್ನಂಗೀಕರಿಸಿ ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದರ ಸ್ಥಾನಗಳು 122ರಿಂದ 80ಕ್ಕೆ ಇಳಿದವು. ಅದರಿಂದಲೇ ಇದಾಯಿತೆಂದು ನಾನು ಹೇಳಲಾರೆ. ಧರ್ಮದ ಪ್ರಶ್ನೆಗೂ ಮತಪೆಟ್ಟಿಗೆಗೂ ಗಂಟು ಹಾಕಿದವರಿಗೆ ಎಣಿಸಿದ ಫಲ ಬರಲಿಲ್ಲವೆಂದಷ್ಟೇ ಹೇಳಬಲ್ಲೆ. 2023ರ ಮೇ ತಿಂಗಳಲ್ಲಿ ಭಾಜಪಕ್ಕೆ 2018ರಲ್ಲಿ ಬಂದಷ್ಟೇ, ಅಂದರೆ ನೂರಕ್ಕೆ 36ರಷ್ಟು ಮತಗಳು ಬಂದರೂ ಸ್ಥಾನಗಳು 104ರಿಂದ 66ಕ್ಕೆ ಇಳಿದವು. ಕಾಂಗ್ರೆಸ್ 135 ಗೆದ್ದಿತು. ಹಾವೇರಿ ಜಿಲ್ಲೆಯಲ್ಲಂತೂ ಆರರಲ್ಲಿ ಐದು ಕ್ಷೇತ್ರಗಳು ಕಾಂಗ್ರೆಸ್ಸಿಗೆ ಹೋದವು. ಒಂದೇ ವರ್ಷ ಕಳೆದು ಲೋಕಸಭೆಗೆ ಮತ ನೀಡುವಾಗ ಹಾವೇರಿ ಕ್ಷೇತ್ರ ಭಾಜಪದ ಬೊಮ್ಮಾಯಿಯವರನ್ನು ಆರಿಸಿತು. ರಾಜ್ಯದಲ್ಲಿ ಆ ಪಕ್ಷಕ್ಕೆ 17, ಕಾಂಗ್ರೆಸ್ಸಿಗೆ 9, ದಳಕ್ಕೆ 2. ಗೃಹಲಕ್ಷ್ಮಿಯ ಎರಡು ಸಾವಿರ ಆಗಲೇ ಮನೆಮನೆಗೆ ಬರುತ್ತಿತ್ತು. ವಿಧಾನಸಭೆಗೊಂದು ತಕ್ಕಡಿ, ಲೋಕಸಭೆಗೊಂದು ತಕ್ಕಡಿ ಹಿಡಿದವರನ್ನು ಮೂಢರೆನ್ನುವವರು ತಮ್ಮ ಅಳತೆಗೋಲನ್ನೊಮ್ಮೆ ನೋಡಿಕೊಳ್ಳಲಿ.

ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಆ ಅಜ್ಜನವರು ಮೊಮ್ಮಗಳೊಡನೆ ಬಸ್ ನಿಲ್ದಾಣದವರೆಗೆ ಬಂದಿದ್ದರು. ಆಕೆ ಈಗ ಸರಕಾರಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾಳೆ, 2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಉಚಿತವಾದ ಬಸ್ಸಿನಲ್ಲಿ ದಿನವೂ ಹೋಗಿ ಬರುತ್ತಾಳೆ. ಮೊದಲ ಬಾರಿಗೆ ಮತ ಹಾಕಿದ್ದೂ ಈ ಚುನಾವಣೆಯಲ್ಲಿಯೇ. "ಅಜ್ಜಾರು ಹೇಳಿದವರಿಗೇ ಹಾಕಿದೆಯೇನವ್ವಾ?" ಎಂದು ಕೇಳಿದೆ. ಆಕೆ ಅಜ್ಜನ ಮುಖ ನೋಡಿ ನಕ್ಕಳು. "ಅಜ್ಜಾ ಏನೂ ಹೇಳಲಿಲ್ರೀ ಶಾಸ್ತ್ರಿಗಳ, ನಾನೂ ಏನೂ ಹೇಳಲಿಲ್ಲ" ಎಂದಳು. ಅಷ್ಟರಲ್ಲಿ ಬಸ್ಸು ಬಂದಿತು. ಕಂಡಕ್ಟರು ಆಕೆಗೆ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ. ನಾನು ಹಾವೇರಿಯವರೆಗೆ ಹಣ ಕೊಟ್ಟು ಚೀಟಿ ಪಡೆದೆ.